ಗೃಹಸ್ಥನ ಲೆಕ್ಕದ ಪುಸ್ತಕ: ಆನೆಗೆ ತಕ್ಕ ಅಂಕುಶ

ಮದುವೆಯ ಖರ್ಚಿನಲ್ಲಿ ಚಪ್ಪರದ ಲೆಕ್ಕ ಎಲ್ಲರಿಗೂ ನೆನಪಿರುತ್ತದೆ. ಚಪ್ಪರ ಕಟ್ಟಿದ ಹಗ್ಗದ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ಮನೆಗೆ ಹೊಸ ವಸ್ತು ಬಂದಾಗಲೂ ಹೀಗೆಯೇ. ಅದರ ಬೆಲೆಯನ್ನು ನಾಲ್ಕು ಅಂಗಡಿಗಳಲ್ಲಿ ವಿಚಾರಿಸಿ, ನಾಲ್ಕು ಜನರನ್ನು ಕೇಳಿ ಕೊಳ್ಳುತ್ತೇವೆ. ಆದರೆ ಅದರ ಬೆನ್ನ ಹಿಂದೆಯೇ ನುಸುಳಿ ಬರುವ ಚಿಲ್ಲರೆ ಸಾಮಾನಿನ ಬೆಲೆಯನ್ನು ಯಾರೂ ವಿಚಾರಿಸುವುದಿಲ್ಲ. ಈ ವಾರ ಅಂಥದೊಂದು ಹಗ್ಗದ ಸಂಗತಿಯನ್ನೇ ವಾಚಕರ ಮುಂದಿಡಬೇಕೆಂದಿದ್ದೇನೆ. ಹಗ್ಗವೆಂದರೆ ನೂಲಿನದಲ್ಲ, ತಾಮ್ರದ್ದು. ಟೆಲಿವಿಷನ್ನಿಗೂ ಸ್ಪೀಕರಿಗೂ ಜೋಡಿಸುವ ತಂತಿ.

ಕಲಬುರಗಿಯ ಮೋಮಿನಪುರದಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಓಣಿಯವರಿಗೆಲ್ಲ ಅವರು ‘ಮಾಸ್ತರ ಸಾಹೇಬರು’. ಪುಣೆಯಲ್ಲಿರುವ ಮಗ ತಂದೆಗಾಗಿ ದೊಡ್ಡದೊಂದು ಟೆಲಿವಿಷನ್ನನ್ನೂ ಜೊತೆಗೆ ಎರಡು ಸ್ಪೀಕರುಗಳನ್ನೂ ಕೊಡಿಸಿದನು. ತಂತಿಗಳನ್ನು ಮಾತ್ರ ಮಾಸ್ತರರು ತಮ್ಮ ಪಿಂಚಣಿಯ ಹಣದಿಂದ ಕೊಂಡರು. ಚಿತ್ರವನ್ನು ಒಯ್ಯುವ ಎಚ್‌ಡಿಎಂಐ ಕೇಬಲಿಗೆ ೪,೨೦೦ ರೂಪಾಯಿ. ಸ್ಪೀಕರುಗಳ ತಂತಿಗೆ ೩,೩೦೦ ರೂಪಾಯಿ. ಒಟ್ಟು ಏಳೂವರೆ ಸಾವಿರ. ಅಂಗಡಿಯ ಹುಡುಗನ ಮಾತನ್ನು ಅವರು ನನಗೆ ಹಾಗೆಯೇ ಒಪ್ಪಿಸಿದರು:

“ಆನೆ ಕೊಂಡ ಮ್ಯಾಲ ಅಂಕುಶಕ್ಕ ಯಾಕ ಚೌಕಾಶಿ ಮಾಡ್ತೀರಿ, ಸಾಹೇಬ್ರ? ಸಾದಾ ಕೇಬಲ್ ಹಾಕಿದ್ರ ಟಿವಿಯ ಅರ್ಧ ರಂಗು ತಂತ್ಯಾಗೇ ಉಳೀತದ ನೋಡ್ರಿ.”

ಆನೆ-ಅಂಕುಶದ ಈ ಮಾತಿಗೆ ಸೋಲದ ಗೃಹಸ್ಥನು ಎಲ್ಲಿರುವನು? ನಾನು ಹೋದ ದಿನ ಮಾಸ್ತರರು ಬಹು ಉತ್ಸಾಹದಿಂದ ಟೆಲಿವಿಷನ್ನು ಹಚ್ಚಿ ತೋರಿಸಿದರು. “ದನಿ ಎಷ್ಟು ತಿಳಿಯಾಗ್ಯದ ನೋಡ್ರಿ” ಎಂದರು. ಚಹದ ಬಟ್ಟಲುಗಳನ್ನು ಹಿಡಿದು ಬಂದ ಅವರ ಬೇಗಂ ಸಾಹೇಬರು ಒಂದೇ ಮಾತು ಹೇಳಿದರು: “ಭಾಯಿಸಾಬ, ಏಳೂವರೆ ಸಾವಿರದಾಗ ನಮ್ಮ ಮಾಳಗಿ ಸೋರೋದು ನಿಲ್ತಿತ್ತು.”

ಪ್ರಶ್ನೆ ಆ ಮನೆಯೊಂದರದೇ ಅಲ್ಲ. ಇಂದು ನೂರಾರು ಮನೆಗಳಲ್ಲಿ ಇದೇ ವ್ಯಾಪಾರ ನಡೆಯುತ್ತಿದೆ. ಆದುದರಿಂದ, ತಂತಿ ಮಾಡುವ ಕೆಲಸವೇನು, ಎಷ್ಟು ಒಳ್ಳೆಯ ತಂತಿ ಸಾಕು ಎಂಬುದನ್ನು ಸ್ವಲ್ಪ ಸಮಾಧಾನದಿಂದ ನೋಡೋಣ.

ಮೊದಲು ಚಿತ್ರದ ಕೇಬಲನ್ನು ತೆಗೆದುಕೊಳ್ಳೋಣ. ೨೦೦೨ರ ಕೊನೆಯಲ್ಲಿ ಹುಟ್ಟಿದ ಎಚ್‌ಡಿಎಂಐ ಕ್ರಮದಲ್ಲಿ ಚಿತ್ರವೂ ಧ್ವನಿಯೂ ಬಣ್ಣವಾಗಿ, ರಾಗವಾಗಿ ಹರಿಯುವುದಿಲ್ಲ. ಸೊನ್ನೆ-ಒಂದುಗಳ ಅಂಕೆಗಳಾಗಿ ಹರಿಯುತ್ತವೆ. ಅಂಕೆ ಮುಟ್ಟಿತು, ಇಲ್ಲವೆ ಕೆಟ್ಟಿತು. ೨೦೧೩ರಲ್ಲಿ ನಿಂತುಹೋದ ನಮ್ಮ ತಂತಿ-ಟಪಾಲಿನ ನೆನಪು ಹಿರಿಯರಿಗೆ ಇದ್ದೇ ಇದೆ. ‘ಗಂಡು ಮಗು, ತಾಯಿ ಕ್ಷೇಮ’ ಎಂಬ ಸುದ್ದಿಯನ್ನು ಅಂಚೆಯವನು ಹರಕು ಚೀಲದಲ್ಲಿ ತಂದರೂ ಅದೇ ಸುದ್ದಿ, ರೇಷ್ಮೆಯ ರುಮಾಲು ಸುತ್ತಿಕೊಂಡು ತಂದರೂ ಅದೇ ಸುದ್ದಿ. ರುಮಾಲಿನ ದೆಸೆಯಿಂದ ಮಗುವಿನ ತೂಕ ಹೆಚ್ಚುವುದಿಲ್ಲ.

ಕೇಬಲು ನಿಜವಾಗಿ ದುರ್ಬಲವಾಗಿದ್ದರೆ ಅದು ಗುಟ್ಟಾಗಿ ಉಳಿಯುವುದಿಲ್ಲ. ತೆರೆಯ ಮೇಲೆ ಬಿಳಿಯ ಚುಕ್ಕೆಗಳು ಮಿನುಗುತ್ತವೆ, ಚಿತ್ರ ನಡುನಡುವೆ ಮಾಯವಾಗುತ್ತದೆ, ಧ್ವನಿ ತುಂಡುತುಂಡಾಗುತ್ತದೆ, ಅಥವಾ ತೆರೆ ಕಪ್ಪಾಗಿಯೇ ನಿಂತುಬಿಡುತ್ತದೆ. ‘ಕೆಂಪು ಸ್ವಲ್ಪ ಮಂಕಾಯಿತು, ಗಾಯಕಿಯ ಕಂಠ ಸ್ವಲ್ಪ ಒರಟಾಯಿತು’ ಎಂಬಂಥ ನಯವಾದ ದೋಷಗಳು ಈ ಕೇಬಲಿನಲ್ಲಿ ಉಂಟಾಗಲಾರವು. ಅರ್ಧ ರಂಗು ತಂತಿಯಲ್ಲಿ ಉಳಿಯುವುದೆಂಬ ಮಾತು ಆದುದರಿಂದ ಬರಿಯ ಮಾತು.

ಹಾಗೆಂದು ಎಲ್ಲ ಕೇಬಲುಗಳೂ ಒಂದೇ ಎಂದು ತಿಳಿಯಲಾಗದು. ಚಿತ್ರ ಎಷ್ಟು ಸೂಕ್ಷ್ಮವೋ ಅಷ್ಟು ಹೆಚ್ಚು ಅಂಕೆಗಳು ಪ್ರತಿ ಸೆಕೆಂಡಿಗೆ ಹರಿಯಬೇಕು. ಅದಕ್ಕೆ ತಕ್ಕಂತೆ ದರ್ಜೆಗಳಿವೆ. ಇಂದಿನ ‘೪ಕೆ’ ಚಿತ್ರಕ್ಕೆ ಸೆಕೆಂಡಿಗೆ ೧೮ ಗಿಗಾಬಿಟ್ ಒಯ್ಯಬಲ್ಲ ‘ಪ್ರೀಮಿಯಂ ಹೈ ಸ್ಪೀಡ್’ ದರ್ಜೆಯೇ ಸಾಕು. ಮಕ್ಕಳು ಅತಿ ವೇಗದ ಆಟದ ಯಂತ್ರವನ್ನು ಜೋಡಿಸುವುದಾದರೆ ೪೮ ಗಿಗಾಬಿಟ್ಟಿನ ‘ಅಲ್ಟ್ರಾ ಹೈ ಸ್ಪೀಡ್’ ದರ್ಜೆ ಬೇಕಾದೀತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಕೇಬಲಿನ ಪೊಟ್ಟಣದ ಮೇಲೆ ಮೊಬೈಲಿನಿಂದ ಓದಿ ನೋಡಬಹುದಾದ ಗುರುತಿನ ಚೀಟಿ ಅಂಟಿರುತ್ತದೆ. ಕೊಳ್ಳುವವರು ನೋಡಬೇಕಾದದ್ದು ಈ ಚೀಟಿಯನ್ನು, ಪೊಟ್ಟಣದ ಹೊಳಪನ್ನಲ್ಲ. ಎರಡು ಮೀಟರು ಉದ್ದದ ಕೇಬಲಿಗೆ ಇದು ನೂರುಗಳ ವ್ಯವಹಾರವೇ ಹೊರತು ಸಾವಿರಗಳ ವ್ಯವಹಾರವಲ್ಲ. ಉದ್ದ ಐದು ಮೀಟರನ್ನು ದಾಟಿದಾಗ ಮಾತ್ರ ಯೋಚಿಸಬೇಕು. ಆಗ ಬೆಳಕಿನ ಎಳೆಯ ಕೇಬಲಿಗೆ ಹೆಚ್ಚು ಹಣ ಕೊಡುವುದು ನ್ಯಾಯವೇ.

ಇನ್ನು ಚಿನ್ನದ ಮಾತು. ಮಾಸ್ತರರ ಕೇಬಲಿನ ತುದಿಗಳಿಗೆ ‘೨೪ ಕ್ಯಾರೆಟ್’ ಚಿನ್ನದ ಲೇಪವಿದೆಯಂತೆ. ಚಿನ್ನವೆಂದೊಡನೆ ನಮ್ಮ ಜನರ ಮನಸ್ಸು ಕರಗುವುದು ಸಹಜ. ಆದರೆ ವಿದ್ಯುತ್ತಿನ ದೃಷ್ಟಿಯಲ್ಲಿ ಚಿನ್ನವು ತಾಮ್ರಕ್ಕಿಂತ ಕೀಳು. ಬೆಳ್ಳಿಗೆ ಮೊದಲ ಸ್ಥಾನ, ತಾಮ್ರಕ್ಕೆ ಎರಡನೆಯದು, ಚಿನ್ನಕ್ಕೆ ಮೂರನೆಯದು. ಬೆಳ್ಳಿಯೂ ತಾಮ್ರವನ್ನು ಮೀರುವುದು ನೂರಕ್ಕೆ ಆರೇಳರಷ್ಟು ಮಾತ್ರ. ಚಿನ್ನದ ಗುಣವೆಂದರೆ ಅದಕ್ಕೆ ಕಿಲುಬು ಹಿಡಿಯುವುದಿಲ್ಲ. ಆ ಗುಣಕ್ಕೆ ಕೂದಲೆಳೆಗಿಂತಲೂ ತೆಳ್ಳಗಿನ ಲೇಪ ಸಾಕು. ಅಗ್ಗದ ಕೇಬಲುಗಳ ತುದಿಗೂ ಅದು ಇರುವುದುಂಟು. ಸರಾಫರ ತಕ್ಕಡಿಯಲ್ಲಿ ಆ ಚಿನ್ನ ತೂಗುವುದೂ ಇಲ್ಲ.

ಸ್ಪೀಕರಿನ ತಂತಿಯ ಕಥೆ ಬೇರೆ. ಅಲ್ಲಿ ಹರಿಯುವುದು ಅಂಕೆಯಲ್ಲ, ಧ್ವನಿಯ ಏರಿಳಿತವನ್ನೇ ಅನುಸರಿಸುವ ವಿದ್ಯುತ್ತು. ತಂತಿ ತೀರ ತೆಳ್ಳಗಿದ್ದರೆ ಶಕ್ತಿಯ ಒಂದಂಶ ದಾರಿಯಲ್ಲಿಯೇ ವ್ಯಯವಾಗುವುದು ನಿಜ. ಎಷ್ಟು? ಇದನ್ನು ಮಾಸ್ತರರ ಮುಂದೆಯೇ ಕಾಗದದ ಮೇಲೆ ಲೆಕ್ಕ ಹಾಕಿದೆವು. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಮಾರುವ ಸಾಧಾರಣ ೪೦/೭೬ ವಾಯರಿನಲ್ಲಿ ನಲವತ್ತು ಎಳೆಗಳಿದ್ದು, ಒಟ್ಟು ದಪ್ಪ ೧.೨ ಚದರ ಮಿಲಿಮೀಟರಿನಷ್ಟಿರುತ್ತದೆ. ಐದು ಮೀಟರು ದೂರಕ್ಕೆ ಹೋಗಿಬರುವ ದಾರಿ ಹತ್ತು ಮೀಟರು. ಅದರ ತಡೆ ಸುಮಾರು ೦.೧೫ ಓಮ್. ಸ್ಪೀಕರಿನದು ೮ ಓಮ್. ಎಂದರೆ ತಂತಿಯ ಪಾಲು ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಹದಿನಾಲ್ಕೇ ಎಳೆಗಳ ೧೪/೭೬ ವಾಯರನ್ನು ಹಾಕಿದರೂ ಆಗುವ ನಷ್ಟ ಅರ್ಧ ಡೆಸಿಬೆಲ್ಲನ್ನು ಮುಟ್ಟುವುದಿಲ್ಲ. ಒಂದು ಡೆಸಿಬೆಲ್ಲಿನ ಏರಿಳಿತವನ್ನು ಗುರುತಿಸುವುದೇ ಮನುಷ್ಯನ ಕಿವಿಗೆ ಪ್ರಯಾಸ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಪೇಟೆಯಲ್ಲಿ ಅಲ್ಯುಮಿನಿಯಂ ಎಳೆಗೆ ತಾಮ್ರದ ನೀರು ಕುಡಿಸಿದ ತಂತಿಗಳು ತಾಮ್ರದ ಹೆಸರಿನಲ್ಲಿಯೇ ಮಾರಾಟವಾಗುತ್ತವೆ. ಅವುಗಳ ತಡೆ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು. ಬಾಗಿಸಿದಲ್ಲಿ ಬೇಗನೆ ಮುರಿಯುತ್ತವೆ ಕೂಡ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿದರೆ ಒಳಗಿನ ಬಿಳುಪು ಗುಟ್ಟನ್ನು ಹೇಳಿಬಿಡುತ್ತದೆ.

“ಹಾಗಾದರೆ ತಂತಿಯ ಗುಣಕ್ಕೆ ಬೆಲೆಯೇ ಇಲ್ಲವೆ?” ಎಂದು ವಾಚಕರು ಕೇಳಬಹುದು. ಇದೆ, ದೂರ ಹೆಚ್ಚಿದಲ್ಲಿ ನಿಜವಾಗಿಯೂ ಇದೆ. ೧೮೫೮ರಲ್ಲಿ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕಿದ ತಂತಿಯನ್ನು ಹಾಸಿದರು. ವಿಕ್ಟೋರಿಯಾ ರಾಣಿಯ ೯೮ ಪದಗಳ ಸಂದೇಶ ಆಚೆಯ ದಡ ಮುಟ್ಟಲು ಹದಿನಾರು ಗಂಟೆಗಳಷ್ಟು ಕಾಲ ಹಿಡಿಯಿತು. ಕೆಲವೇ ವಾರಗಳಲ್ಲಿ ಆ ತಂತಿ ಸತ್ತುಹೋಯಿತು. ತಾಮ್ರ ಶುದ್ಧವಾಗಿರಬೇಕು, ಎಳೆ ದಪ್ಪವಾಗಿರಬೇಕು ಎಂದು ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ಸಾರಿ ಹೇಳಿದ್ದನು. ೧೮೬೬ರಲ್ಲಿ ದಪ್ಪನೆಯ ತಂತಿ ಹಾಸಿದ ಮೇಲೆಯೇ ಕೆಲಸ ಸ್ಥಿರವಾದುದು. ಅಲ್ಲಿ ತಂತಿಗೆ ಸುರಿದ ಹಣ ಸಾರ್ಥಕ. ಆದರೆ ನಮ್ಮ ಟೆಲಿವಿಷನ್ನಿಗೂ ಅದರ ಪೆಟ್ಟಿಗೆಗೂ ನಡುವೆ ಇರುವುದು ಅಟ್ಲಾಂಟಿಕ್ ಸಮುದ್ರವಲ್ಲ, ಒಂದೂವರೆ ಮೀಟರು.

ಅಷ್ಟು ದೂರ ಹೋಗುವುದೇಕೆ? ನಮ್ಮ ಕಲಬುರಗಿಯ ಸೀಮೆಯೇ ಇದಕ್ಕೆ ಒಳ್ಳೆಯ ನಿದರ್ಶನವನ್ನು ಕಂಡಿದೆ. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷ ಕಾಲ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟೆಲಿವಿಷನ್ ಕಾರ್ಯಕ್ರಮಗಳು ಬಂದವು. ಕರ್ನಾಟಕದಲ್ಲಿ ಆ ಭಾಗ್ಯ ಒದಗಿದ್ದು ಅಂದಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಬೆಂಗಳೂರಿನವರ ಮನೆಯಲ್ಲಿ ಟೆಲಿವಿಷನ್ ಇಲ್ಲದ ಕಾಲದಲ್ಲಿ ಇಲ್ಲಿಯ ರೈತರು ಶಾಲೆಯ ಅಂಗಳದಲ್ಲಿ ಕುಳಿತು ಅದನ್ನು ನೋಡಿದರು. ಮಾಸ್ತರ ಸಾಹೇಬರೂ ಆಗ ಹದಿನೆಂಟರ ತರುಣ. ಸೋದರಮಾವನ ಹಳ್ಳಿಗೆ ಹೋದಾಗ ಜನರ ಹಿಂದೆ ನಿಂತು ನೋಡಿದ್ದರಂತೆ.

ಆ ಚಿತ್ರಗಳನ್ನು ೩೬,೦೦೦ ಕಿಲೋಮೀಟರು ಎತ್ತರದಿಂದ ಹಿಡಿದಿಳಿಸುತ್ತಿದ್ದುದು ಯಾವುದು? ಮೂರು ಮೀಟರು ಅಗಲದ, ಕೋಳಿಗೂಡಿಗೆ ಹಾಕುವ ತಂತಿಯ ಬಲೆಯಿಂದ ಕಟ್ಟಿದ ಛತ್ರಿ! ಇಂಜಿನಿಯರರು ಹಣವಿಲ್ಲದೆ ಹಾಗೆ ಮಾಡಿದರೆಂದು ಭಾವಿಸಬಾರದು. ಲೆಕ್ಕ ಹಾಕಿ ಮಾಡಿದರು. ಆ ಅಲೆಯ ಉದ್ದ ಸುಮಾರು ೩೫ ಸೆಂಟಿಮೀಟರು. ಬಲೆಯ ಕಣ್ಣು ಅದಕ್ಕಿಂತ ಬಹಳ ಚಿಕ್ಕದು. ಹೀಗಿರಲು ಅಲೆಯ ಪಾಲಿಗೆ ಬಲೆಯೂ ಒಂದೇ, ಅಖಂಡವಾದ ತಗಡೂ ಒಂದೇ. ಮೇಲಾಗಿ ಬಲೆಯಾದರೆ ಗಾಳಿಗೆ ಉರುಳುವುದಿಲ್ಲ. ಹಣವನ್ನು ಎಲ್ಲಿ ಸುರಿಯಬೇಕೋ ಅಲ್ಲಿ, ಎಂದರೆ ಆಕಾಶದಲ್ಲಿ ಒಂಬತ್ತು ಮೀಟರಿನ ಛತ್ರಿಯನ್ನು ಬಿಚ್ಚಿಕೊಂಡು ನಿಂತಿದ್ದ ಉಪಗ್ರಹದಲ್ಲಿ ಸುರಿದಿದ್ದರು. ಅದು ಅಮೆರಿಕದವರದು, ಎ.ಟಿ.ಎಸ್.-೬ ಎಂದು ಅದರ ಹೆಸರು. ಸರಪಳಿಯಲ್ಲಿ ದುರ್ಬಲವಾದ ಕೊಂಡಿ ಯಾವುದು ಎಂದು ಹುಡುಕಿ, ಅದನ್ನು ಬಲಪಡಿಸುವುದು. ಉಳಿದ ಕೊಂಡಿಗಳಿಗೆ ‘ಸಾಕು’ ಎನ್ನುವಷ್ಟು ಮಾತ್ರ ಕೊಡುವುದು. ಅಂಕುಶ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮಾಸ್ತರರು ಇದನ್ನೆಲ್ಲ ಕೇಳಿದರು, ಆದರೆ ಒಪ್ಪಲಿಲ್ಲ. “ಲೆಕ್ಕ ನಿಮ್ದು ಖರೇ ಇರಬಹುದು. ಆದ್ರ ನನ್ನ ಕಿವಿ ಸುಳ್ಳು ಹೇಳ್ತದೇನು?” ಎಂದರು.

ಈ ಪ್ರಶ್ನೆ ಅಮೆರಿಕದಲ್ಲಿಯೂ ಎದ್ದಿತ್ತು. ಮಾಯಾಜಾಲದ ಕಲೆಯಲ್ಲಿ ನುರಿತು, ಆಮೇಲೆ ಮೋಸಗಳನ್ನು ಬಯಲಿಗೆಳೆಯುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ಜೇಮ್ಸ್ ರ‍್ಯಾಂಡಿ ಎಂಬಾತನು ೨೦೦೭ರಲ್ಲಿ ಒಂದು ಪಂಥ ಒಡ್ಡಿದನು. ೭,೨೫೦ ಡಾಲರು ಬೆಲೆಯ ಸ್ಪೀಕರಿನ ತಂತಿಯೊಂದನ್ನು ಸಾಧಾರಣ ತಂತಿಯಿಂದ, ಕಣ್ಣಿನಿಂದ ನೋಡದೆ ಕಿವಿಯಿಂದಲೇ ಬೇರ್ಪಡಿಸಿ ಹೇಳಿದವರಿಗೆ ಹತ್ತು ಲಕ್ಷ ಡಾಲರು ಬಹುಮಾನ! ಮಾತುಕತೆ ಬಹಳ ನಡೆಯಿತು. ಪರೀಕ್ಷೆ ನಡೆಯಲೇ ಇಲ್ಲ. ಬಹುಮಾನ ಯಾರಿಗೂ ಸಲ್ಲಲಿಲ್ಲ.

ಅಮೆರಿಕದಲ್ಲಿ ನಡೆಯದ ಪರೀಕ್ಷೆಯನ್ನು ನಾವು ಮೋಮಿನಪುರದಲ್ಲಿ ನಡೆಸಿದೆವು. ಮರುದಿನ ನನ್ನ ಮನೆಯಿಂದ ೨೫೦ ರೂಪಾಯಿಯ ಎಚ್‌ಡಿಎಂಐ ಕೇಬಲನ್ನೂ ಒಂದಿಷ್ಟು ೪೦/೭೬ ವಾಯರನ್ನೂ ಒಯ್ದೆ. ಟೆಲಿವಿಷನ್ನಿನ ಮುಂದೆ ಬೇಗಂ ಸಾಹೇಬರ ಹಳೆಯ ಪರದೆಯೊಂದನ್ನು ಇಳಿಬಿಟ್ಟೆವು. ಪ್ರತಿ ಸಲವೂ ಅವರು ಒಳಗೆ ನಾಣ್ಯ ಚಿಮ್ಮುವುದು. ತಲೆ ಬಿದ್ದರೆ ಬೆಲೆಯುಳ್ಳ ತಂತಿಗಳು, ಬಾಲ ಬಿದ್ದರೆ ಅಗ್ಗದವು. ಜೋಡಿಸಿದವನು ನಾನು. ಜೋಡಿಸಿ ಹಿತ್ತಲಿಗೆ ಸರಿದುಬಿಡುತ್ತಿದ್ದೆ, ನನ್ನ ಮುಖ ನೋಡಿ ಮಾಸ್ತರರು ಊಹಿಸಬಾರದಲ್ಲ! ಅದೇ ಹಾಡು, ಅದೇ ಸಂಭಾಷಣೆ, ಹತ್ತು ಸಲ. ಅವರು ಹೇಳಿದ ಉತ್ತರವನ್ನು ಮೊಮ್ಮಗಳು ನೋಟುಬುಕ್ಕಿನಲ್ಲಿ ಬರೆದುಕೊಂಡಳು.

ಹತ್ತರಲ್ಲಿ ಐದು ಸರಿ, ಐದು ತಪ್ಪು.

ಗಣಿತದ ಮಾಸ್ತರರಿಗೆ ನಾನು ವಿವರಿಸಬೇಕಾಗಿರಲಿಲ್ಲ. ಹತ್ತಕ್ಕೆ ಒಂಬತ್ತು ಬಂದಿದ್ದರೆ ಅದು ಬರಿಯ ಅದೃಷ್ಟವಾಗಿರುವ ಸಂಭವ ನೂರಕ್ಕೆ ಒಂದರಷ್ಟು; ಐದು ಬಂದರೆ ಅದು ನಾಣ್ಯವೇ ಉತ್ತರ ಕೊಟ್ಟಂತೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲನೆ ಹೇಳಿದರು:

“ಖರೇ ಹೇಳಬೇಕಂದ್ರ, ಎರಡರಾಗೂ ನನಗ ಮಾತು ಸರಿ ತಿಳೀವಲ್ದು. ದನಿ ಕೇಳ್ತದ, ಮಾತು ತಿಳೀವಲ್ದು. ಅದಕ್ಕs ಇಷ್ಟೆಲ್ಲಾ ತಂದೆ.”

ಬೇಗಂ ಸಾಹೇಬರು ಪರದೆಯ ಹಿಂದಿನಿಂದ ಬಂದರು. ಏನನ್ನೋ ಹೇಳಲು ಬಂದವರು ಹೇಳದೆ ನಿಂತರು.

ಏಳೂವರೆ ಸಾವಿರದ ನಿಜವಾದ ಕಥೆ ಇದು. ದುರ್ಬಲವಾದ ಕೊಂಡಿ ತಂತಿಯಲ್ಲಿ ಇರಲಿಲ್ಲ, ಕಿವಿಯಲ್ಲಿ ಇತ್ತು. ವಯಸ್ಸು ಏರಿದಂತೆ ಮನುಷ್ಯನಿಗೆ ಮೊದಲು ಇಂಗಿಹೋಗುವುದು ಎತ್ತರದ ಸ್ವರಗಳು. ‘ಆ’, ‘ಓ’ ಮೊದಲಾದ ಸ್ವರಾಕ್ಷರಗಳು ತಗ್ಗಿನ ಧ್ವನಿಗಳಾದುದರಿಂದ ಉಳಿಯುತ್ತವೆ; ‘ಸ’, ‘ಶ’, ‘ತ’, ‘ಕ’ಗಳು ಮಸುಕಾಗುತ್ತವೆ. ಮಾತಿನ ಸದ್ದು ಮುಟ್ಟುತ್ತದೆ, ಅರ್ಥ ಜಾರಿಹೋಗುತ್ತದೆ. ಧ್ವನಿಯನ್ನು ಎಷ್ಟು ಏರಿಸಿದರೂ ಉಳಿದದ್ದೇ ದೊಡ್ಡದಾಗುವುದೇ ಹೊರತು, ಹೋದದ್ದು ಬರುವುದಿಲ್ಲ. ಆಗ ಮನುಷ್ಯ ಟೆಲಿವಿಷನ್ನನ್ನು ದೂರುತ್ತಾನೆ, ಸೊಸೆ ಗೊಣಗುತ್ತಾಳೆಂದು ದೂರುತ್ತಾನೆ, ಕೊನೆಗೆ ತಂತಿಯನ್ನು ದೂರುತ್ತಾನೆ. ತನ್ನ ಕಿವಿಯನ್ನು ಮಾತ್ರ ದೂರುವುದಿಲ್ಲ.

ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಜಿಲ್ಲಾ ಆಸ್ಪತ್ರೆಗಳ ಕಿವಿ-ಮೂಗು-ಗಂಟಲಿನ ವಿಭಾಗದಲ್ಲಿ ತೋರಿಸಬಹುದು. ಮೈಸೂರಿನಲ್ಲಿ ೧೯೬೫ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕೆಲಸಕ್ಕಾಗಿಯೇ ಇದೆ. ಕಣ್ಣು ಮಂಜಾದರೆ ಕನ್ನಡಕ ಹಾಕುವ ನಾವು, ಕಿವಿ ಮಂದವಾದರೆ ಯಂತ್ರ ಹಾಕಲು ನಾಚುವುದೇಕೋ ತಿಳಿಯದು.

ಕಿವಿಯ ಜೊತೆಗೆ ಇನ್ನೊಂದು ಕೊಂಡಿಯೂ ಇತ್ತು: ಕೋಣೆ. ನಮ್ಮ ಸೀಮೆಯ ಮನೆಗಳಲ್ಲಿ ನೆಲಕ್ಕೆ ಶಹಾಬಾದಿನ ಫರಸಿ, ಗೋಡೆಗಳು ಬರಿಯವು. ಬೇಸಗೆಗೆ ತಂಪು, ಆದರೆ ಧ್ವನಿ ಕಲ್ಲಿಗೆ ಬಡಿದು ಮರಳಿ, ಒಂದು ಮಾತಿನ ಮೇಲೆ ಇನ್ನೊಂದು ಮಾತು ಬೀಳುತ್ತದೆ. ಅಂದೇ ಒಳಗಿದ್ದ ಹಳೆಯ ಜಮಖಾನವನ್ನು ಹಾಸಿ, ಕಿಟಕಿಗೆ ದಪ್ಪನೆಯ ಪರದೆಯನ್ನು ಬಿಟ್ಟು, ಟೆಲಿವಿಷನ್ನಿನಲ್ಲಿಯೇ ಇರುವ, ಮಾತನ್ನು ಸ್ಪಷ್ಟಗೊಳಿಸುವ ಏರ್ಪಾಡನ್ನು ಹಚ್ಚಿದೆವು. ಕಾಸು ಖರ್ಚಿಲ್ಲದ ಈ ಮೂರು ಉಪಾಯಗಳಿಂದ ಆದ ವ್ಯತ್ಯಾಸವನ್ನು ತಿಳಿಯಲು ನಾಣ್ಯ ಚಿಮ್ಮಬೇಕಾಗಲಿಲ್ಲ.

ಗೃಹಸ್ಥರ ಲೆಕ್ಕದ ಪುಸ್ತಕಕ್ಕೆ ಇಷ್ಟನ್ನು ಬರೆದುಕೊಳ್ಳಬಹುದು. ಎಚ್‌ಡಿಎಂಐ ಕೇಬಲಿನಲ್ಲಿ ದರ್ಜೆಯ ಚೀಟಿಯನ್ನು ನೋಡಿರಿ, ಬೇಕಾದುದಕ್ಕಿಂತ ಉದ್ದದ್ದನ್ನು ಕೊಳ್ಳಬೇಡಿರಿ. ಸ್ಪೀಕರಿಗೆ ನಿಜವಾದ ತಾಮ್ರದ ೪೦/೭೬ ವಾಯರು ಸಾಕು. ಮಾಳಿಗೆಯ ಮೇಲಿನ ಡಿಶ್ಶಿನಿಂದ ಇಳಿಯುವ ಕೇಬಲಿನಲ್ಲಿ ಮಾತ್ರ ಜಿಪುಣತನ ಬೇಡ: ಅದು ಉದ್ದವಾದುದು; ನಮ್ಮ ಬಿಸಿಲಿಗೆ ಅದರ ಮೈ ಸೀಳುತ್ತದೆ, ಮಳೆಯ ನೀರು ಒಳಗಿಳಿದು ತುದಿಗೆ ಕಿಲುಬು ಹಿಡಿಯುತ್ತದೆ. ಉಳಿದ ಹಣವನ್ನು ಒಳ್ಳೆಯ ಸ್ಪೀಕರಿಗೆ ಇಡಿರಿ. ಧ್ವನಿಯ ಹೆಚ್ಚುಕಡಿಮೆ ಇರುವುದು ಅಲ್ಲಿ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರು ಟೆಲಿವಿಷನ್ನಿನ ಧ್ವನಿಯನ್ನು ದಿನದಿನಕ್ಕೆ ಏರಿಸುತ್ತಿದ್ದರೆ ಅಂಗಡಿಗೆ ಹೋಗುವ ಮುನ್ನ ಆಸ್ಪತ್ರೆಗೆ ಹೋಗಿರಿ.

ಅಂಗಡಿಯವರು ತಂತಿಗಳನ್ನು ಮರಳಿ ತೆಗೆದುಕೊಳ್ಳಲಿಲ್ಲ, ಪೊಟ್ಟಣ ಹರಿದಿತ್ತು. ತಂತಿಗಳ ತಪ್ಪೇನೂ ಇಲ್ಲ, ಅವು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿವೆ. “ಎರಡು ಗಜ ಉದ್ದ ಇಲ್ಲ, ಬಟ್ಟಿ ಒಣಹಾಕಾಕೂ ಸಾಲಂಗಿಲ್ರಿ” ಎಂದು ಬೇಗಂ ಸಾಹೇಬರು ನಕ್ಕರು. ಮಾಸ್ತರರು ಕಿವಿಯನ್ನು ಪರೀಕ್ಷೆ ಮಾಡಿಸಿಕೊಂಡರು. ಎರಡು ಕಿವಿಗಳಿಗೂ ಯಂತ್ರ ಬೇಕೆಂದು ಹೇಳಿದ್ದಾರೆ. “ಜನ ಏನಂದಾರು?” ಎಂದು ಇನ್ನೂ ಅನುಮಾನಿಸುತ್ತಿದ್ದಾರೆ. ಕಳೆದ ವಾರ ಮೊಮ್ಮಗಳು ಬಳಿಗೆ ಬಂದು ಕುಳಿತು ಏನನ್ನೋ ಕೇಳಿದಳಂತೆ; ಇವರು ಬೇರೇನೋ ಉತ್ತರ ಹೇಳಿದರಂತೆ. ಹುಡುಗಿ ನಗಲಿಲ್ಲ, ಮತ್ತೆ ಕೇಳಲೂ ಇಲ್ಲ, ಸುಮ್ಮನೆ ಎದ್ದುಹೋದಳಂತೆ. ಅದನ್ನು ನನಗೆ ಹೇಳಿ ಮಾಸ್ತರರು, “ಸೋಮವಾರ ನೀವೂ ಜೋಡಿ ಬರ್ತೀರೇನು?” ಎಂದು ಕೇಳಿದರು.

ಹೋಗುವವನಿದ್ದೇನೆ.